ವೋಟರ್ ಲಿಸ್ಟ್‌ಗೆ ಆನ್‌ಲೈನ್ ಅರ್ಜಿ: ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಪತ್ತೆ ಹಚ್ಚೋದು ಹೇಗೆ

ನಮ್ಮ ಬೀದಿಯಲ್ಲಿ ಯಾರ ಫೋನಿಗೆ ಓಟಿಪಿ ಬರದಿದ್ದರೂ ನಮ್ಮ ಮನೆ ಗೇಟು ಸದ್ದಾಗುತ್ತದೆ. ನಾನು ಕಂಪ್ಯೂಟರ್ ಇಂಜಿನಿಯರ್ ಏನಲ್ಲ. ಮಂಡ್ಯದಿಂದ ಮೈಸೂರಿನ ಕುವೆಂಪುನಗರಕ್ಕೆ ಮನೆ ಬದಲಾಯಿಸಿದಾಗ ನನ್ನ ಹೆಸರನ್ನೇ ಸರಿಯಾಗಿ ಕೆಡಿಸಿಕೊಂಡು, ಅದನ್ನು ಸರಿ ಮಾಡಲು ಓಡಾಡಿ ಕಲಿತವನು. ಆಮೇಲೆ ಚಿಕ್ಕಮ್ಮನದು, ಅತ್ತೆ ಮನೆಯವರದು, ಪಕ್ಕದ ಮನೆ ಹುಡುಗಿಯದು ಅಂತ ಒಂದಷ್ಟು ಅರ್ಜಿ ಹಾಕಿದ್ದೇನೆ. ನೋಡಿದ್ದರಲ್ಲಿ ವೆಬ್‌ಸೈಟ್ ನಿಜವಾಗಿ ಕೆಟ್ಟಿದ್ದು ಕಮ್ಮಿ. ಜಾಸ್ತಿ ಸಲ ತಪ್ಪಾದ ಫಾರಂ ತುಂಬಿರುತ್ತೇವೆ, ಇಲ್ಲಾ ಆಧಾರ್‌ನಲ್ಲಿ ಒಂದು ಹೆಸರು ಅರ್ಜಿಯಲ್ಲಿ ಇನ್ನೊಂದು ಹೆಸರು ಇರುತ್ತದೆ, ಅದೂ ಅಲ್ಲದಿದ್ದರೆ ಬಿಎಲ್‌ಓಗೆ, ಅಂದರೆ ನಮ್ಮ ಬೂತಿನ ಪಟ್ಟಿ ನೋಡಿಕೊಳ್ಳುವ ಅಧಿಕಾರಿಗೆ, ನಮ್ಮ ಮನೆ ಸಿಕ್ಕಿರುವುದಿಲ್ಲ.

ಶುರು ಮಾಡೋ ಮುಂಚೆ ಒಂದು ಮಾತು. ಈ ಕೆಲಸಕ್ಕೆ ಒಂದು ರೂಪಾಯಿ ಶುಲ್ಕವೂ ಇಲ್ಲ. ಸೈಬರ್ ಸೆಂಟರ್‌ನವರು ಟೈಪ್ ಮಾಡಿಕೊಟ್ಟಿದ್ದಕ್ಕೆ ದುಡ್ಡು ತೆಗೆದುಕೊಂಡರೆ ಅದು ಅವರ ಕೂಲಿ, ಸರ್ಕಾರದ ಫೀಸ್ ಅಲ್ಲ. ವಾಟ್ಸಾಪ್‌ನಲ್ಲಿ ಬರುವ ‘ವೋಟರ್ ಐಡಿ ಅಪ್‌ಡೇಟ್ ಮಾಡಿ’ ಅನ್ನೋ ಲಿಂಕ್ ಒತ್ತಬೇಡಿ, ಅದರ ಜೊತೆ ಬರುವ ಎಪಿಕೆ ಫೈಲನ್ನಂತೂ (ಫೋನಿಗೆ ಆ್ಯಪ್ ಹಾಕುವ ಫೈಲು) ಮುಟ್ಟಲೇಬೇಡಿ. ಚುನಾವಣಾ ಆಯೋಗದ ಪೋರ್ಟಲ್‌ನ ವಿಳಾಸ ವೋಟರ್ಸ್ ಡಾಟ್ ಇಸಿಐ ಡಾಟ್ ಜಿಒವಿ ಡಾಟ್ ಇನ್. ನೀವೇ ಟೈಪ್ ಮಾಡಿ ಹೋಗಿ. ಓಟಿಪಿ ಯಾರು ಫೋನ್ ಮಾಡಿ ಕೇಳಿದರೂ ಹೇಳಬೇಡಿ, ‘ಚುನಾವಣಾ ಕಚೇರಿಯಿಂದ ಮಾತಾಡ್ತಿದೀನಿ’ ಅಂದರೂ ಸರಿ.

‘ನನ್ನ ಹೆಸರು ಇದೆಯೋ ಇಲ್ಲವೋ ಗೊತ್ತಿಲ್ಲ’

ಇದನ್ನು ಬಗೆಹರಿಸಿಕೊಳ್ಳದೆ ಯಾವ ಫಾರಂ ಕೂಡ ತೆರೆಯಬೇಡಿ. ಅದೇ ಪೋರ್ಟಲ್‌ನಲ್ಲಿ ಪಟ್ಟಿಯಲ್ಲಿ ಹುಡುಕುವ ಜಾಗ ಇದೆ. ಮೂರು ದಾರಿ: ಎಪಿಕ್ ನಂಬರ್ (ವೋಟರ್ ಕಾರ್ಡಿನ ಮೇಲಿರುವ ನಂಬರ್), ಮೊಬೈಲ್ ನಂಬರ್, ಇಲ್ಲಾ ಹೆಸರು-ವಯಸ್ಸಿನ ವಿವರ. ಕಾರ್ಡ್ ಇದ್ದರೆ ಎಪಿಕ್ ನಂಬರೇ ಒಳ್ಳೆಯದು. ಮೂರು ಇಂಗ್ಲಿಷ್ ಅಕ್ಷರ, ಏಳು ಅಂಕಿ. ನಿಮ್ಮ ಹಳೇ ಕಾರ್ಡಿನಲ್ಲಿ ‘ಕೆಟಿ’ ಅಂತ ಶುರುವಾಗಿ ಓರೆ ಗೀಟುಗಳಿರುವ ಉದ್ದ ನಂಬರ್ ಇದ್ದರೆ ಗಾಬರಿಯಾಗಬೇಡಿ. ಅದು ಹಳೇ ಮಾದರಿ. ಅದರಲ್ಲಿ ಹುಡುಕಿ ಸಿಗದಿದ್ದರೆ ಹೆಸರಿನಿಂದ ಹುಡುಕಿ, ಹೊಸ ನಂಬರ್ ಸಿಗಬಹುದು.

ಹೆಸರಿನಿಂದ ಹುಡುಕುವಾಗ ‘ಸಿಗಲಿಲ್ಲ’ ಅಂತ ಬಂದ ತಕ್ಷಣ ಹೆಸರೇ ಇಲ್ಲ ಅಂದುಕೊಳ್ಳಬೇಡಿ. ಇನಿಷಿಯಲ್ ತೆಗೆದು ನೋಡಿ. ಮಹದೇವನನ್ನು ಮಹಾದೇವ, ಮಾದೇವ ಎಂದೂ ಹುಡುಕಿ. ತಂದೆ ಹೆಸರಿನ ಬದಲು ಗಂಡನ ಹೆಸರು ಹಾಕಿ ನೋಡಿ. ಆದರೂ ಸಿಗದಿದ್ದರೆ ನಿಮ್ಮ ಬೂತಿನ ಭಾಗದ ಪಟ್ಟಿಯ ಪಿಡಿಎಫ್ ಇಳಿಸಿಕೊಂಡು ಕಣ್ಣಲ್ಲೇ ಓದಿ. ಪುಟಗಳು ಚಿತ್ರದ ಹಾಗೆ ಇರೋದರಿಂದ ಅದರೊಳಗೆ ಪದ ಹುಡುಕಿದರೆ ಸಿಗುವುದಿಲ್ಲ. ಬೇಜಾರಿನ ಕೆಲಸ, ನಿಜ. ಆದರೆ ನಮ್ಮ ಚಿಕ್ಕಮ್ಮನ ಹೆಸರು ಸಿಕ್ಕಿದ್ದು ಹಾಗೇ: ‘ಕೆಂಪಮ್ಮ’ ಅಲ್ಲಿ ‘ಕೇಂಪಮ್ಮ’ ಆಗಿದ್ದರು.

ಸಿಕ್ಕಿದ ಹೆಸರು ಬೇರೆ ವಿಳಾಸದಲ್ಲಿದೆಯಾ? ತಪ್ಪಾಗಿದೆಯಾ? ಫೋಟೋ ಬೇರೆಯವರದಾ? ಈ ಎಲ್ಲಕ್ಕೂ ಔಷಧ ಒಂದೇ, ಫಾರಂ 8. ಎಲ್ಲೂ ಇಲ್ಲವೇ ಇಲ್ಲ, ಇದೇ ಮೊದಲು ಅನ್ನುವವರಿಗೆ ಮಾತ್ರ ಫಾರಂ 6. ಹೆಸರು ತೆಗೆಸಲು ಫಾರಂ 7. ವಿದೇಶದಲ್ಲಿರುವ ಭಾರತೀಯರಿಗೆ 6ಎ. ಒಂದೇ ಕ್ಷೇತ್ರದೊಳಗೆ ಮನೆ ಬದಲಾದರೆ ಮೊದಲು 8ಎ ಅಂತ ಬೇರೆ ಫಾರಂ ಇತ್ತು. 2022ರಿಂದ ಅದಿಲ್ಲ, ಅದೂ 8ರೊಳಗೇ ಸೇರಿದೆ. ಹಳೇ ವೀಡಿಯೋ ನೋಡಿಕೊಂಡು 8ಎ ಹುಡುಕುತ್ತಾ ಕೂತವರನ್ನು ನಾನು ಕಂಡಿದ್ದೇನೆ.

‘ಓಟಿಪಿ ಬರ್ತಿಲ್ಲ, ಲಾಗಿನ್ ಆಗ್ತಿಲ್ಲ’

ಮೊದಲು ಫೋನನ್ನು ನೋಡಿ. ಮೆಸೇಜ್ ಪೆಟ್ಟಿಗೆಯ ಸ್ಪ್ಯಾಮ್ ಫೋಲ್ಡರ್ ನೋಡಿ. ಎರಡು ಸಿಮ್ ಇದ್ದರೆ ಆ ನಂಬರಿನ ಸಿಮ್‌ಗೆ ರೀಚಾರ್ಜ್ ಇದೆಯಾ ನೋಡಿ. ಮನೆಯೊಳಗೆ ಸಿಗ್ನಲ್ ಕಮ್ಮಿ ಇದ್ದರೆ ಮಹಡಿ ಮೇಲೆ ಹೋಗಿ. ಆಮೇಲೆ ಕ್ಯಾಪ್ಚಾ, ಅಂದರೆ ಚಿತ್ರ ನೋಡಿ ಟೈಪ್ ಮಾಡಬೇಕಾದ ಸೊಟ್ಟ ಅಕ್ಷರಗಳು. ಅದರಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ ವ್ಯತ್ಯಾಸ ಇರುತ್ತದೆ, ಕಾಣದಿದ್ದರೆ ಬದಲಾಯಿಸುವ ಗುಂಡಿ ಒತ್ತಿ. ‘ಮತ್ತೆ ಕಳಿಸಿ’ ಅಂತ ಐದಾರು ಸಲ ಒತ್ತಿದರೆ ಹಳೇ ಓಟಿಪಿ, ಹೊಸ ಓಟಿಪಿ ಎಲ್ಲಾ ಒಟ್ಟಿಗೆ ಬಂದು ಯಾವುದು ಹಾಕಬೇಕು ಅಂತಲೇ ಗೊತ್ತಾಗಲ್ಲ. ಕೊನೆಯದನ್ನು ಹಾಕಿ. ಅರ್ಧ ಗಂಟೆ ಬಿಟ್ಟು, ಬೇರೆ ಬ್ರೌಸರ್‌ನಲ್ಲಿ ನೋಡಿ.

ಹಾಗೂ ಆಗದಿದ್ದರೆ ವೆಬ್‌ಸೈಟಿನದೇ ಗೋಳು. ಚುನಾವಣೆ ಹತ್ತಿರ ಬಂದಾಗ ಸಂಜೆ ಹೊತ್ತು ಹೀಗಾಗೋದು ಮಾಮೂಲು. ಬೆಳಗ್ಗೆ ಕಾಫಿ ಕುಡಿಯುವ ಮುಂಚೆ ಪ್ರಯತ್ನಿಸಿ, ನನಗೆ ಯಾವಾಗಲೂ ಆಗಲೇ ಕೆಲಸ ಆಗಿರುವುದು.

‘ಫೋಟೋ ಹೋಗ್ತಿಲ್ಲ’

ಫೈಲು ದೊಡ್ಡದಿರುತ್ತದೆ, ಅಷ್ಟೇ. 2 ಎಂಬಿಗಿಂತ ಕಮ್ಮಿ ಮಾಡಿ. ಫೋಟೋ ಆದರೆ ಜೆಪಿಜಿ, ದಾಖಲೆ ಆದರೆ ಪಿಡಿಎಫ್ ಕೂಡ ನಡೆಯುತ್ತದೆ. ಫೋಟೋಗೆ ಬಿಳಿ ಹಿನ್ನೆಲೆ ಇರಲಿ, ಮುಖ ಪೂರ್ತಿ ಕಾಣಲಿ, ಮೇಲೆ ಸಹಿ ಬೇಡ. ಮದುವೆ ಆಲ್ಬಮ್‌ನಿಂದ ಕತ್ತರಿಸಿದ ಫೋಟೋ ಹಾಕಿದರೆ ಪೋರ್ಟಲ್ ತೆಗೆದುಕೊಂಡರೂ ಮುಂದೆ ಯಾರಾದರೂ ತಕರಾರು ತೆಗೆಯುತ್ತಾರೆ.

‘ಎಲ್ಲಾ ತುಂಬಿದೆ, ಕೊನೆಯಲ್ಲಿ ಆಧಾರ್ ಸಹಿ ಹತ್ತಿರ ನಿಂತುಹೋಯ್ತು’

ಇದು ಹೊಸ ತಲೆನೋವು. 2025ರ ಸೆಪ್ಟೆಂಬರ್‌ನಿಂದ ಪೋರ್ಟಲ್‌ನಲ್ಲಿ ಇ-ಸೈನ್ ಸೇರಿಸಿದ್ದಾರೆ. ಅರ್ಜಿ ಮುಗಿಸುವಾಗ ಬೇರೆ ಪುಟಕ್ಕೆ ಹೋಗುತ್ತದೆ, ಅಲ್ಲಿ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ. ಬೇರೆಯವರ ಹೆಸರಲ್ಲಿ ಯಾರೋ ಅರ್ಜಿ ಹಾಕೋದನ್ನು ತಡೆಯಲು ಮಾಡಿದ್ದು, ಹಾಗಾಗಿ ಬೈಯುವ ಹಾಗಿಲ್ಲ.

ಇಲ್ಲಿ ಎರಡು ಕಡೆ ಕೆಡುತ್ತದೆ. ಒಂದು, ಓಟಿಪಿ ಬರುವುದಿಲ್ಲ. ಅಂದರೆ ಆಧಾರ್‌ಗೆ ಕೊಟ್ಟಿದ್ದ ನಂಬರ್ ಈಗ ನಿಮ್ಮ ಹತ್ತಿರ ಇಲ್ಲ. ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ ನಂಬರ್ ಬದಲಾಯಿಸಿ. ಎರಡು, ಹೆಸರು ಹೊಂದುತ್ತಿಲ್ಲ ಅನ್ನುತ್ತದೆ. ನಮ್ಮ ಕಡೆ ಇದು ಜಾಸ್ತಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಪಾನ್ ಕಾರ್ಡಿನಲ್ಲಿ ಅಪ್ಪನ ಪೂರ್ತಿ ಹೆಸರೇ ಸರ್‌ನೇಮ್. ಅರ್ಜಿಯಲ್ಲಿ ಹೆಸರನ್ನು ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಸರ್‌ನೇಮ್ ಇಲ್ಲದಿದ್ದರೆ ಸುಮ್ನೆ ಏನೋ ಒಂದು ತುಂಬಬೇಡಿ.

ಎರಡೂ ಆಗದಿದ್ದರೆ ಇಲ್ಲೇ ನಿಲ್ಲಿಸಿ. ಕಾಗದದ ಫಾರಂ ಇನ್ನೂ ಇದೆ. ಅದನ್ನು ತುಂಬಿ ಬಿಎಲ್‌ಓ ಕೈಗೆ ಕೊಟ್ಟರೂ ಅಷ್ಟೇ ಬೆಲೆ. ಎಪ್ಪತ್ತು ದಾಟಿದ ನಮ್ಮ ಅತ್ತೆಯವರದು ಕೊನೆಗೆ ಆಗಿದ್ದು ಹಾಗೆ. ಆನ್‌ಲೈನ್‌ಗೆ ನಾನು ಕಳೆದ ಮೂರು ದಿನ ದಂಡ.

‘ಕನ್ನಡದಲ್ಲಿ ಹೆಸರು ಏನೇನೋ ಆಗಿದೆ’

ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದ ಹೆಸರನ್ನು ಪೋರ್ಟಲ್ ತಾನೇ ಕನ್ನಡಕ್ಕೆ ತಿರುಗಿಸುತ್ತದೆ. ತಿರುಗಿಸುವಾಗ ಳ ಹೋಗಿ ಲ, ಣ ಹೋಗಿ ನ, ಹ್ರಸ್ವ ಹೋಗಿ ದೀರ್ಘ. ಜನ ಇಂಗ್ಲಿಷ್ ಸಾಲು ಮಾತ್ರ ನೋಡಿ ಮುಂದೆ ಹೋಗಿಬಿಡುತ್ತಾರೆ. ಆದರೆ ನಮ್ಮಲ್ಲಿ ಬೂತಿನಲ್ಲಿ ಓದುವ ಪಟ್ಟಿ ಕನ್ನಡದ್ದು ಅಲ್ವಾ. ಕನ್ನಡದ ಖಾನೆ ಪಕ್ಕ ಕೀಬೋರ್ಡ್ ಗುರುತು ಇದೆ, ಒತ್ತಿ ನೀವೇ ತಿದ್ದಿ. ತಂದೆ ಅಥವಾ ಗಂಡನ ಹೆಸರನ್ನೂ, ಬೀದಿ, ಊರಿನ ಹೆಸರನ್ನೂ ಹಾಗೇ ನೋಡಿ. ಒಮ್ಮೆ ಒಂದು ಊರಿನ ಹೆಸರು ‘ಹಳ್ಳಿ’ಯಿಂದ ‘ಹಲ್ಲಿ’ಗೆ ಬಂದಿತ್ತು. ಊರಿನವರು ನೋಡಿ ನಗಲೂ ಇಲ್ಲ.

ಒಪ್ಪಿಗೆಯಾದ ಮೇಲೆ ಕಂಡರೆ? ಫಾರಂ 8ರಲ್ಲಿ ತಿದ್ದುಪಡಿ. ಸಣ್ಣ ಅಕ್ಷರ ತಪ್ಪಿಗೆ ಮತ ಹಾಕಲು ಬಿಡುವುದಿಲ್ಲ ಅಂತೇನಿಲ್ಲ, ನೀವೇ ಆ ವ್ಯಕ್ತಿ ಅಂತ ಗೊತ್ತಾದರೆ ಸಾಕು. ಆದರೂ ತಿದ್ದಿಸಿಕೊಳ್ಳಿ, ಮುಂದೆ ಹುಡುಕೋದು ಸುಲಭ.

‘ನನ್ನ ಕ್ಷೇತ್ರ ಯಾವುದು ಅಂತಲೇ ತಿಳಿಯುತ್ತಿಲ್ಲ’

ವಿಳಾಸದಲ್ಲಿ ಮೈಸೂರು ಅಂತ ಇದ್ದರೆ ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಈ ಮೂರರಲ್ಲಿ ಒಂದು ಅಂತ ಅಂದಾಜು ಮಾಡುತ್ತೇವೆ. ಊರಿನ ಅಂಚಿನಲ್ಲಿದ್ದರೆ ಅದು ಚಾಮುಂಡೇಶ್ವರಿಯೋ ವರುಣವೋ ಆಗಿರಬಹುದು. ಮಂಡ್ಯದಲ್ಲೂ ಹೀಗೆ: ಮಂಡ್ಯ ತಾಲೂಕಿನಲ್ಲೇ ಇದ್ದರೂ ದುದ್ದದ ಕಡೆಯವರ ಕ್ಷೇತ್ರ ಮೇಲುಕೋಟೆ, ಕೊತ್ತತ್ತಿ ಕಡೆಯವರದು ಶ್ರೀರಂಗಪಟ್ಟಣ. ತಾಲೂಕಿನ ಹೆಸರು ನೋಡಿ ಕ್ಷೇತ್ರ ಆರಿಸಿದರೆ ಅರ್ಜಿ ಬೇರೆಯವರ ಮೇಜಿಗೆ ಹೋಗಿ ಕೂರುತ್ತದೆ. ಕೆ.ಆರ್. ನಗರದವರದು ಇನ್ನೊಂದು ಮಜಾ. ಜಿಲ್ಲೆ ಮೈಸೂರು, ಲೋಕಸಭೆಗೆ ಮಂಡ್ಯ. ಟಿ. ನರಸೀಪುರ, ನಂಜನಗೂಡು, ಎಚ್.ಡಿ. ಕೋಟೆ, ವರುಣದವರು ಲೋಕಸಭೆಗೆ ಚಾಮರಾಜನಗರ. ಆದರೆ ಅರ್ಜಿಗೆ ಬೇಕಾದ್ದು ವಿಧಾನಸಭಾ ಕ್ಷೇತ್ರ ಮಾತ್ರ, ಲೋಕಸಭೆ ವಿಷಯ ಮರೆತುಬಿಡಿ.

ಸುಲಭ ಉಪಾಯ ಇದೆ. ಅದೇ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಯಾರದ್ದಾದರೂ ಕಾರ್ಡ್ ಇದ್ದರೆ ಅವರ ಎಪಿಕ್ ನಂಬರ್ ಹಾಕಿ ಹುಡುಕಿ. ಕ್ಷೇತ್ರ, ಭಾಗ ಸಂಖ್ಯೆ, ಬೂತು ಎಲ್ಲಾ ಬರುತ್ತದೆ. ನಿಮ್ಮ ಜೊತೆ ಇರುವ ಮನೆಯವರ ಎಪಿಕ್ ನಂಬರನ್ನು ಫಾರಂ 6ರಲ್ಲಿ ಬರೆಯಲು ಖಾನೆಯೂ ಇದೆ. ಅದನ್ನು ಖಾಲಿ ಬಿಡಬೇಡಿ, ಬಿಎಲ್‌ಓ ನಿಮ್ಮನ್ನು ಅದೇ ಭಾಗಕ್ಕೆ ಸೇರಿಸಲು ಅದು ದಾರಿ ತೋರಿಸುತ್ತದೆ.

‘ಹದಿನೆಂಟು ಆಯ್ತು, ಆದರೂ ತಗೋತಿಲ್ಲ’

ಹದಿನೆಂಟು ತುಂಬಿದೆಯಾ ಅಂತ ನೋಡಲು ಮೊದಲು ಜನವರಿ 1 ಒಂದೇ ಲೆಕ್ಕ ಇತ್ತು. 2022ರಿಂದ ವರ್ಷಕ್ಕೆ ನಾಲ್ಕು ದಿನ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಆಗಸ್ಟ್‌ನಲ್ಲಿ ಹದಿನೆಂಟು ತುಂಬಿದವರಿಗೆ ಅಕ್ಟೋಬರ್ 1 ಲೆಕ್ಕಕ್ಕೆ ಬರುತ್ತದೆ. ಹದಿನೇಳು ದಾಟಿದವರು ಮುಂಚಿತವಾಗಿ ಅರ್ಜಿ ಹಾಕಬಹುದು, ಹೆಸರು ಸೇರೋದು ಆ ದಿನ ಬಂದ ಮೇಲೆ. ಹಾಗಾಗಿ ಅರ್ಜಿ ಸುಮ್ಮನೆ ಕೂತಿದೆ ಅಂತ ಕಂಡರೆ ಮೊದಲು ನಿಮ್ಮ ಹುಟ್ಟಿದ ದಿನ ನೋಡಿಕೊಳ್ಳಿ.

ಹಾಸ್ಟೆಲ್ ಮಕ್ಕಳು ಊರಿನ ಮನೆಯಲ್ಲಾದರೂ ಸೇರಿಸಬಹುದು, ಹಾಸ್ಟೆಲ್ ವಿಳಾಸದಲ್ಲಾದರೂ ಸೇರಿಸಬಹುದು. ಒಂದು ಕಡೆ ಮಾತ್ರ. ಹಾಸ್ಟೆಲ್ ಆದರೆ ಕಾಲೇಜಿನ ಮುಖ್ಯಸ್ಥರಿಂದ ಪತ್ರ ಬೇಕು.

‘ಸ್ಟೇಟಸ್ ಅಲುಗಾಡ್ತಿಲ್ಲ’

ಎಲ್ಲರೂ ಬಂದು ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಅರ್ಜಿ ಹೋದ ಮೇಲೆ ಒಂದು ರೆಫರೆನ್ಸ್ ನಂಬರ್ ಬರುತ್ತದೆ, ಕರ್ನಾಟಕದ್ದು ಎಸ್10 ಅಂತ ಶುರುವಾಗುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಸೈಬರ್ ಸೆಂಟರ್‌ನಲ್ಲಿ ಹಾಕಿಸಿದ್ದರೆ ಅಲ್ಲೇ ನಿಂತು ಆ ನಂಬರ್ ಬರೆಸಿಕೊಳ್ಳಿ. ಮೊಬೈಲ್ ನಂಬರ್ ಕೂಡ ನಿಮ್ಮದೇ ಕೊಡಿಸಿ, ಅಂಗಡಿಯವರದಲ್ಲ.

ಸ್ಟೇಟಸ್ ನಾಲ್ಕು ಮೆಟ್ಟಿಲು: ಅರ್ಜಿ ಸೇರಿದೆ, ಬಿಎಲ್‌ಓ ನೇಮಿಸಿದೆ, ಸ್ಥಳ ಪರಿಶೀಲನೆ ಆಗಿದೆ, ಕೊನೆಗೆ ಒಪ್ಪಿಗೆ ಇಲ್ಲಾ ತಿರಸ್ಕಾರ. ನಡುವೆ ಕಡ್ಡಾಯವಾಗಿ ಕಾಯಬೇಕಾದ ದಿನಗಳಿವೆ. ಬಂದ ಅರ್ಜಿಗಳ ಪಟ್ಟಿ ಹೊರಗೆ ಹಾಕಿ, ಯಾರಾದರೂ ಆಕ್ಷೇಪಣೆ ಹೇಳಲು ಏಳು ದಿನ ಬಿಡಲೇಬೇಕು. ಆದ್ದರಿಂದ ನಾಲ್ಕನೇ ದಿನ ಫೋನ್ ಮಾಡಿ ಜಗಳ ಆಡಬೇಡಿ, ಅವರ ಕೈಯಲ್ಲೂ ಇಲ್ಲ.

‘ಬಿಎಲ್‌ಓ ನೇಮಿಸಿದೆ’ ಅನ್ನುವಲ್ಲೇ ಎರಡು ಮೂರು ವಾರ ನಿಂತಿದ್ದರೆ ಅವರಿಗೆ ನಿಮ್ಮ ಮನೆ ಸಿಕ್ಕಿಲ್ಲ, ಇಲ್ಲವೇ ಬಂದಾಗ ಬೀಗ ಇತ್ತು. ಬಿಎಲ್‌ಓ ಅಂದರೆ ಬಹಳ ಕಡೆ ಶಾಲೆಯ ಮೇಷ್ಟ್ರು ಅಥವಾ ಅಂಗನವಾಡಿ ಟೀಚರ್. ತಮ್ಮ ಕೆಲಸ ಮುಗಿಸಿ ಸಂಜೆ ಹೊತ್ತು ಬೀದಿ ಬೀದಿ ಸುತ್ತುತ್ತಾರೆ. ನಮ್ಮ ಮೈಸೂರಿನ ಬಡಾವಣೆಗಳಲ್ಲಿ ಒಂದೇ ಮನೆಗೆ ಹಳೇ ನಂಬರ್, ಹೊಸ ನಂಬರ್, ಇನ್ನೊಂದು ಸೈಟ್ ನಂಬರ್. ಅಡ್ಡರಸ್ತೆಗಳಿಗೆ ಬೋರ್ಡೇ ಇರಲ್ಲ. ಅರ್ಜಿಯಲ್ಲಿ ‘ಗಣಪತಿ ಗುಡಿ ಹಿಂದೆ, ಹಾಲಿನ ಬೂತ್ ಎದುರು’ ಅಂತ ಒಂದು ಗುರುತು ಬರೆಯಿರಿ. ಹಾಗೆ ಬರೆದ ಮೇಲೆ ನನ್ನ ಎರಡನೇ ಅರ್ಜಿಗೆ ಟೀಚರ್ ನೇರ ಮನೆಗೇ ಬಂದರು. ಮೊದಲನೆಯದಕ್ಕೆ ಅಡ್ಡರಸ್ತೆ ತಪ್ಪಿ ಹಿಂದಿನ ಬೀದಿಯಲ್ಲಿ ವಿಚಾರಿಸಿ ‘ಇಂಥವರು ಇಲ್ಲಿಲ್ಲ’ ಅಂತ ಬರೆದುಕೊಂಡು ಹೋಗಿದ್ದರಂತೆ.

ಮಾಡಬೇಕಾದ್ದು ಸರದಿಯಲ್ಲಿ ಹೀಗೆ. ಪೋರ್ಟಲ್‌ನಲ್ಲಿ ನಿಮ್ಮ ಬಿಎಲ್‌ಓ ಯಾರು ಅಂತ ನೋಡಿ ಫೋನ್ ಮಾಡಿ, ‘ಮೇಡಂ, ಭಾನುವಾರ ಮನೇಲಿರ್ತೀವಿ, ಬರ್ತೀರಾ?’ ಅಂತ ಕೇಳಿ. ನೆರೆಯವರಿಗೂ ಒಂದು ಮಾತು ಹೇಳಿಡಿ. ಫೋನಿಗೆ ಸಿಗದಿದ್ದರೆ ಬಿಎಲ್‌ಓ ಜೊತೆ ಕರೆ ಕಾಯ್ದಿರಿಸುವ ಸೌಲಭ್ಯ ಅಲ್ಲೇ ಇದೆ. ಅದಕ್ಕೂ ಉತ್ತರ ಇಲ್ಲದಿದ್ದರೆ ಸಹಾಯವಾಣಿ 1950ಕ್ಕೆ ಕರೆ ಮಾಡಿ, ರೆಫರೆನ್ಸ್ ನಂಬರ್ ಕೊಟ್ಟು ದೂರು ಬರೆಸಿ. ಆಮೇಲಷ್ಟೇ ತಾಲೂಕು ಕಚೇರಿಯ ಚುನಾವಣಾ ಶಾಖೆ.

ಇಲ್ಲಿ ಮಾಡಲೇಬಾರದ್ದು ಒಂದಿದೆ. ‘ಹೋಗಿಲ್ಲವೇನೋ’ ಅಂತ ಎರಡನೇ ಸಲ, ಮೂರನೇ ಸಲ ಅದೇ ಅರ್ಜಿ ಹಾಕುವುದು. ಮೊದಲನೆಯದರ ತೀರ್ಮಾನ ಆಗುವವರೆಗೆ ಇನ್ನೊಂದು ಹಾಕಬೇಡಿ.

‘ತಿರಸ್ಕರಿಸಲಾಗಿದೆ ಅಂತ ಬಂತು’

ಕಾರಣ ಓದಿ. ಕೋಪ ಆಮೇಲೆ. ಬಾಡಿಗೆ ಮನೆಯವರಿಗೆ ಜಾಸ್ತಿ ಕೈಕೊಡೋದು ವಿಳಾಸದ ದಾಖಲೆ. ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳಿಗೆ ಬರೆಸಿಕೊಂಡ ಕರಾರು ಇರುತ್ತದಲ್ಲ, ಅದು ನೋಂದಣಿ ಆಗಿರುವುದಿಲ್ಲ. ಫಾರಂ ಕೇಳುವುದು ನೋಂದಾಯಿತ ಬಾಡಿಗೆ ಪತ್ರ. ಓನರ್ ಹೆಸರಿನ ಸೆಸ್ಕ್ ಕರೆಂಟ್ ಬಿಲ್ಲೂ ಆಗುವುದಿಲ್ಲ. ಬಿಲ್ಲು ನಿಮ್ಮ ಹೆಸರಲ್ಲಿರಬೇಕು, ಇಲ್ಲಾ ಅದೇ ಮನೆಯಲ್ಲಿರುವ ತಂದೆತಾಯಿ, ಗಂಡ ಹೆಂಡತಿ ಇಂಥ ಹತ್ತಿರದವರ ಹೆಸರಲ್ಲಿರಬೇಕು. ಬಾಡಿಗೆಯವರಿಗೆ ಸುಲಭದ ದಾರಿ ಬ್ಯಾಂಕ್ ಅಥವಾ ಅಂಚೆ ಕಚೇರಿಯ ಪಾಸ್‌ಬುಕ್. ಬ್ಯಾಂಕಿಗೆ ಹೋಗಿ ವಿಳಾಸ ಬದಲಾಯಿಸಿ, ಹೊಸ ಪುಟ ಮುದ್ರಿಸಿಕೊಳ್ಳಿ. ಹಳ್ಳಿಯವರಿಗೆ ಕಂದಾಯ ಇಲಾಖೆಯ ಜಮೀನಿನ ದಾಖಲೆಯೂ ನಡೆಯುತ್ತದೆ. ಇದ್ಯಾವುದೂ ಇಲ್ಲದಿದ್ದರೆ ಬೇರೆ ದಾಖಲೆ ಕೊಟ್ಟು ಹಾಕಬಹುದು, ಆಗ ಅಧಿಕಾರಿ ಸ್ಥಳಕ್ಕೆ ಬಂದು ನೋಡಲೇಬೇಕು.

ದಾಖಲೆಯ ತಪ್ಪಾದರೆ ಸರಿಮಾಡಿ ಹೊಸದಾಗಿ ಅರ್ಜಿ ಹಾಕಿ. ಎಲ್ಲಾ ಸರಿ ಇದ್ದೂ ತಿರಸ್ಕಾರ ಆಗಿದೆ ಅಂತ ನಿಮಗೆ ಖಾತ್ರಿ ಇದ್ದರೆ ಮೇಲ್ಮನವಿ ಇದೆ: ಆದೇಶದ ದಿನದಿಂದ 15 ದಿನದೊಳಗೆ ಜಿಲ್ಲಾಧಿಕಾರಿಗೆ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ದಿನ ಎಣಿಸಿ, ತಡವಾದರೆ ಆ ಬಾಗಿಲು ಮುಚ್ಚಬಹುದು.

‘ಎರಡು ಕಡೆ ಹೆಸರು ಬಂದಿದೆ’

ನಾನು ಮಾಡಿದ ಘನಕಾರ್ಯ ಇದೇ. ಮೈಸೂರಿಗೆ ಬಂದ ಮೇಲೆ ‘ಹೊಸ ಊರು, ಹೊಸ ಅರ್ಜಿ’ ಅಂದುಕೊಂಡು ಫಾರಂ 6 ತುಂಬಿದೆ. ಮಂಡ್ಯದಲ್ಲಿ ಹೆಸರು ಹಾಗೇ ಇತ್ತು. ಮೊದಲ ಅರ್ಜಿ ಮನೆ ಸಿಗದೆ ಬಿದ್ದುಹೋಯಿತು, ಎರಡನೆಯದು ಒಪ್ಪಿಗೆಯಾಯಿತು, ನಾನು ಎರಡು ಕಾರ್ಡಿನ ಯಜಮಾನನಾದೆ. ಖುಷಿಪಡುವ ವಿಷಯ ಅಲ್ಲ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಒಬ್ಬರ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ಇರುವಂತಿಲ್ಲ. ಅಷ್ಟೇ ಅಲ್ಲ, ಫಾರಂ 6ರ ಕೊನೆಯಲ್ಲಿ ‘ಬೇರೆಲ್ಲೂ ನನ್ನ ಹೆಸರಿಲ್ಲ’ ಅಂತ ನಾವೇ ಘೋಷಣೆ ಮಾಡಿರುತ್ತೇವೆ. ಬೇಕೆಂದೇ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲಾ ಎರಡೂ ಆಗಬಹುದು. ನಾನು ಓದದೆ ಟಿಕ್ ಹಾಕಿದ್ದೆ.

ಪರಿಹಾರ: ಹಳೇ ಊರಿನ ಹೆಸರು ತೆಗೆಸಲು ನೀವೇ ಫಾರಂ 7 ಹಾಕಿ. ತಾವಾಗಿ ಬಂದು ಹೇಳಿದವರನ್ನು ಯಾರೂ ಜೈಲಿಗೆ ಕಳಿಸಿದ್ದನ್ನು ನಾನು ಕಂಡಿಲ್ಲ, ನನಗೆ ಒಂದು ನಗು ಸಿಕ್ಕಿತು ಅಷ್ಟೇ. ಮನೆ ಬದಲಾಯಿಸಿದವರು, ಮದುವೆಯಾಗಿ ಬಂದವರು ಮೊದಲೇ ಫಾರಂ 8 ಹಾಕಿದರೆ ಈ ರಗಳೆಯೇ ಇಲ್ಲ. ಅದೇ ಕ್ಷೇತ್ರದೊಳಗಾ ಹೊರಗಾ ಅಂತ ಅದು ಕೇಳುತ್ತದೆ, ಹಳೇ ಎಪಿಕ್ ನಂಬರೇ ಮುಂದುವರಿಯುತ್ತದೆ.

‘ಹೋದ ಸಲ ಇತ್ತು, ಈಗ ಮಾಯ’

ಮನೆಯಲ್ಲಿ ಇರಲಿಲ್ಲ, ಊರು ಬಿಟ್ಟಿದ್ದಾರೆ, ತೀರಿಕೊಂಡಿದ್ದಾರೆ, ಎರಡು ಕಡೆ ಇದೆ: ಹೆಸರು ತೆಗೆಯಲು ಸಾಮಾನ್ಯವಾಗಿ ಇವೇ ಕಾರಣ. ಬದುಕಿರುವವರೇ ‘ಮರಣ’ ಅಂತ ಗುರುತಾಗೋದೂ ಉಂಟು. ಹೆಸರು ನಿಜವಾಗಿ ತೆಗೆದಿದ್ದರೆ ಮತ್ತೆ ಫಾರಂ 6. ಆದರೆ ಮನೆಯವರದೆಲ್ಲಾ, ಅಥವಾ ಬೀದಿಯಲ್ಲಿ ಹತ್ತಾರು ಜನರದು ಒಟ್ಟಿಗೆ ಹೋಗಿದ್ದರೆ ಅಥವಾ ನಿಮ್ಮ ಹೆಸರಲ್ಲಿ ಯಾರೋ ಫಾರಂ 7 ಹಾಕಿದ್ದಾರೆ ಅಂತ ಗೊತ್ತಾದರೆ ಆನ್‌ಲೈನ್‌ನಲ್ಲಿ ಒಬ್ಬೊಬ್ಬರೇ ಗುದ್ದಾಡಬೇಡಿ. ಎಲ್ಲರ ಹಳೇ ಎಪಿಕ್ ನಂಬರ್ ಬರೆದುಕೊಂಡು ಒಟ್ಟಿಗೆ ಚುನಾವಣಾ ಶಾಖೆಗೆ ಹೋಗಿ, ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಸಮಯದ ಲೆಕ್ಕ ಇಲ್ಲಿ ಮುಖ್ಯ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿದ ಮೇಲೆ ಆ ಚುನಾವಣೆಗೆ ಹೆಸರು ಸೇರಿಸುವಂತಿಲ್ಲ. ಏಳು ದಿನದ ಆಕ್ಷೇಪಣೆ ಅವಧಿ ಸೇರಿಸಿದರೆ, ಆ ಕೊನೆಯ ದಿನಕ್ಕಿಂತ ಹತ್ತು ದಿನ ಮುಂಚೆಯಾದರೂ ಅರ್ಜಿ ಹೋಗಿರಬೇಕು. ಮತದಾನದ ದಿನ ಬೂತಿನಲ್ಲಿ ಕಾರ್ಡ್ ತೋರಿಸಿ ಕೂಗಾಡಿದರೆ ಏನೂ ಆಗಲ್ಲ. ಬೆರಳಿಗೆ ಹಚ್ಚುವ ಶಾಯಿ ಇಡೀ ದೇಶಕ್ಕೆ 1962ರಿಂದ ನಮ್ಮ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಿಂದಲೇ ಹೋಗುತ್ತದೆ, ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ಮೈಸೂರಿನವನ ಬೆರಳಿಗೆ ಒಂದು ತೊಟ್ಟೂ ಇಲ್ಲ.

‘ಒಪ್ಪಿಗೆ ಆಯ್ತು, ಕಾರ್ಡ್ ಬಂದಿಲ್ಲ’

ಇದಕ್ಕೆ ನಿದ್ದೆಗೆಡಬೇಡಿ. ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್, ಪಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ನರೇಗಾ ಜಾಬ್ ಕಾರ್ಡ್ ಇಂಥ ಯಾವುದಾದರೂ ತೋರಿಸಿ ಮತ ಹಾಕಬಹುದು. ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಪಟ್ಟಿಯಲ್ಲಿ ಸೇರಿಸಿದ 15 ದಿನದೊಳಗೆ ತಲುಪಿಸುತ್ತೇವೆ ಅಂತ ಆಯೋಗ 2025ರಲ್ಲಿ ಹೇಳಿದೆ. ಬರದಿದ್ದರೆ ನಿಮ್ಮ ಬೀದಿಯ ಪೋಸ್ಟ್‌ಮ್ಯಾನ್‌ನನ್ನು ಕೇಳಿ, ಬೀಗ ಕಂಡು ವಾಪಸ್ ಹೋಗಿರಬಹುದು. ಅಷ್ಟರಲ್ಲಿ ಇ-ಎಪಿಕ್, ಅಂದರೆ ಕಾರ್ಡಿನ ಡಿಜಿಟಲ್ ಪ್ರತಿಯ ಪಿಡಿಎಫ್ ಇಳಿಸಿಕೊಳ್ಳಿ. ಅದಕ್ಕೆ ಪಟ್ಟಿಯಲ್ಲಿ ನಿಮ್ಮ ಮೊಬೈಲ್ ನಂಬರ್ ಇರಬೇಕು. ಇಲ್ಲದಿದ್ದರೆ ಫಾರಂ 8ರಲ್ಲಿ ಮೊದಲು ನಂಬರ್ ಸೇರಿಸಿ.

‘ಹೆಸರಿದೆ, ಆದರೆ ಪದವೀಧರರ ಚುನಾವಣೆಗೆ ಬಿಡಲಿಲ್ಲ’

ಅದು ವಿಧಾನ ಪರಿಷತ್ತಿನ ಚುನಾವಣೆ, ಅದಕ್ಕೆ ಬೇರೆ ಪಟ್ಟಿ. ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ ಸೇರಿದ ದಕ್ಷಿಣ ಪದವೀಧರ ಕ್ಷೇತ್ರಕ್ಕೆ ಫಾರಂ 18, ಶಿಕ್ಷಕರ ಕ್ಷೇತ್ರಕ್ಕೆ ಫಾರಂ 19. ಪದವೀಧರ ಕ್ಷೇತ್ರಕ್ಕಾದರೆ ಪದವಿ ಮುಗಿದು ಮೂರು ವರ್ಷ ಆಗಿರಬೇಕು. ಈ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ, ಹೋದ ಸಲ ಹಾಕಿದ್ದೆ ಅಂದರೆ ಲೆಕ್ಕಕ್ಕಿಲ್ಲ. ಮತ್ತೆ ಹಾಕಿ.